ಮಸಿಯಿಲ್ಲದ ಗಾಡಿ

ಒದ್ದೆ ಹಾಸುಬಟ್ಟೆಯ ಒಂದು ತುದಿ ಹಗ್ಗಕ್ಕೆ ಸಿಕ್ಕಿಸಿದ ಐವಿ ಮಾಲ್ಟ್‌ಬಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದೇ ಕಿಟಕಿಯೊಳಗಿನ ಗಡಿಯಾರ ನೋಡಿದಳು. ಹತ್ತು ನಿಮಿಷದಲ್ಲಿ ಇದು ಆರನೆಯ ಸಲ.

ವಿದರ್‌ಕೋಟ್ ಹಳ್ಳಿಯ ರೈಲ್ವೆ ಗೇಟು ಕಾಯುವ ಕೆಲಸ ಹದಿನೆಂಟು ವರ್ಷದಿಂದ ಅವಳದು. ಇರುವ ಮನೆಯೂ ಆ ಕೆಲಸಕ್ಕೆ ಅಂಟಿಕೊಂಡದ್ದೇ. ಕಲ್ಲಿದ್ದಲ ಗಾಡಿಗಳ ಕಾಲದಲ್ಲಿ, ಸೋಮವಾರ ಒಗೆದದ್ದನ್ನು ಹನ್ನೊಂದರ ಗಾಡಿ ಮಸಿ ಸುರಿಯುವ ಮೊದಲು ಒಳಗೆ ಎಳೆದುಕೊಳ್ಳಬೇಕಿತ್ತು. ಬಟ್ಟೆ ತೆಗೆದ ಕೈಯೇ ಹೋಗಿ ರಸ್ತೆಗೆ ಗೇಟು ಹಾಕುತ್ತಿತ್ತು. ಈ ವಸಂತದಲ್ಲಿ ಡೀಸೆಲ್ ಗಾಡಿ ಬಂತು. ಮಸಿಯಿಲ್ಲ, ಬಟ್ಟೆ ತೆಗೆಯುವ ಗೊಡವೆಯಿಲ್ಲ. ಮೂರು ವಾರದ ಹಿಂದಿನ ಸೋಮವಾರ ಗೇಟೂ ಮರೆತುಹೋಯಿತು. ರಸ್ತೆಗೆ ತೆರೆದಿದ್ದಾಗ ಆ ಗೇಟು ಹಳಿಗೆ ಅಡ್ಡ ನಿಲ್ಲುತ್ತದೆ; ಹಾರ್ನ್ ಕೇಳಿ ಓಡುವಷ್ಟರಲ್ಲಿ ಎಂಜಿನ್ನು ಅದನ್ನು ಸೀಳಿಕೊಂಡು ಹೋಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ವಿಚಾರಣೆಗೆ ಬಂದವರ ಮುಂದೆ, "ಡ್ರೈವರು ಹಾರ್ನೇ ಹೊಡೀಲಿಲ್ಲ ಸಾರ್, ಹೊತ್ತಿಗೆ ಮುಂಚೆ ಬಂದ್ಬಿಟ್ಟ," ಎಂದು ಅವಳ ಬಾಯಿ ಹೇಳಿಬಿಟ್ಟಿತ್ತು.

"ಏನೇ ಐವಿ, ಪಾದ್ರಿ ಅಂಗಿಗಿಂತ ಬೆಳ್ಳಗಿದೆಯಲ್ಲೇ ನಿನ್ನ ಬಟ್ಟೆ!" ಬೇಲಿಯಾಚೆಯ ನೋರಾ ಕೂಗಿದಳು. "ನಿನ್ನ ಗೇಟು ಮುರಿದನಲ್ಲ ಡ್ರೈವರ್ ವಿಲ್ಫ್, ಅವನನ್ನ ಶೆಡ್ಡಲ್ಲಿ ಕಸ ಗುಡಿಸೋಕೆ ಹಾಕಿದಾರೆ. ಗುರುವಾರ ತೀರ್ಮಾನ. ಕೆಲಸ ಹೋದ ಹಾಗೇ ಅಂತೆ."

"ಅವನೇನಂತಾನೆ?"

"ಹಾರ್ನ್ ಹೊಡೆದೆ, ಹೊಡೆದೆ ಅಂತ ಬಡ್ಕೋತಾನೆ. ಪಬ್ಬಲ್ಲಿ ಅವನು ಕಾಲಿಟ್ರೆ ಸಾಕು, ಎಲ್ರೂ 'ಪೋಂ ಪೋಂ' ಅಂತಾರೆ. ಈಗ ಅಲ್ಲಿಗೂ ಹೋಗ್ತಿಲ್ವಂತೆ."

ಐವಿ ಒಳಗೆ ಬಂದಳು. ಬಿಸ್ಕತ್ತಿನ ಡಬ್ಬದ ಕೆಳಗೆ ಕಾಗದ ಒಂಬತ್ತು ದಿನದಿಂದ ಬಿದ್ದಿತ್ತು. ನಿಜವನ್ನೆಲ್ಲ ಬರೆದಿದ್ದಳು, ಅಂಚೆಚೀಟಿಯನ್ನೂ ಅಂಟಿಸಿದ್ದಳು. ಇವತ್ತು ಹೋದರೆ ಬುಧವಾರದೊಳಗೆ ರೈಲ್ವೆ ಕಚೇರಿಗೆ ಮುಟ್ಟುತ್ತದೆ.

ಹಳಿ ಕೆಲಸದಲ್ಲಿ ಕಾಲು ಕಳೆದುಕೊಂಡ ಗಂಡ ಸಿರಿಲ್ ಒಲೆ ಪಕ್ಕದಿಂದ ನೋಡುತ್ತಿದ್ದ. "ಕಳಿಸಿದ್ರೆ ಮನೆ ಬಿಡಬೇಕು, ಗೊತ್ತು ತಾನೆ?"

"ಗೊತ್ತು."

"ಎಲ್ಲಿಗೆ ಹೋಗೋದು?"

"ಗ್ರಿಮ್ಸ್‌ಬಿಗೆ. ನಿಮ್ಮ ತಂಗಿ ಮನೆಗೆ."

"ಅವಳ ಕೈಯಡುಗೆ ತಿಂದೇ ಸಾಯ್ಬೇಕಾ ನಾನು?" ಎಂದು ಅವನು ಬೆಂಕಿ ಕೆದಕಿದ. ಆಮೇಲೆ, ಅವಳ ಮುಖ ನೋಡದೆ, "ಕೋಟು ಹಾಕ್ಕೊಂಡು ಹೋಗು. ಗಾಳಿ ಇದೆ," ಎಂದ.

ಎರಡರ ಡೀಸೆಲ್ಲಿಗೆ ಐವಿ ಕಾಲು ಗಂಟೆ ಮೊದಲೇ ಗೇಟು ಹಾಕಿದಳು. ಹಾಲಿನ ಲಾರಿಯವನು ಬೈದ. ಗಾಡಿ ಹೋಯಿತು. ಗೇಟು ತೆಗೆದು, ಕಾಗದ ಹಿಡಿದು ಕೆಂಪು ಅಂಚೆಪೆಟ್ಟಿಗೆಯತ್ತ ಓಡುನಡಿಗೆಯಲ್ಲಿ ಹೋದಳು. ಅಂಚೆಯವನು ಆಗಲೇ ಪೆಟ್ಟಿಗೆ ಬರಿದುಮಾಡಿ ಬೀಗ ಹಾಕುತ್ತಿದ್ದ.

"ಇನ್ನೊಂದು ಕ್ಷಣ ಆಗಿದ್ರೆ ನಾಳೆಗೇ, ಅಮ್ಮಾ," ಎಂದು ಕೈ ಚಾಚಿದ.

ಐವಿಯ ಬೆರಳು ಕಾಗದ ಬಿಡಲಿಲ್ಲ.

"ಕೊಡ್ತೀರೋ, ಎಳೀಲೋ?"

"ತಗೋ," ಎಂದು ಐವಿ ಕಾಗದವನ್ನು ತಾನೇ ಅವನ ಚೀಲದೊಳಕ್ಕೆ ಹಾಕಿದಳು.