ಕನ್ನಡಿಯ ಹಿಂದಿನ ಮೂರು ಕವರುಗಳು

ಬೆಳಿಗ್ಗೆ ಹಾಲು ಒಲೆಗಿಟ್ಟು, ಅದು ಉಕ್ಕುವಷ್ಟರಲ್ಲಿ ಒಣಗಿದ ಬಟ್ಟೆ ಮಡಿಸುವುದು ನನ್ನ ರೂಢಿ. ಆ ಹೊತ್ತಿಗೆ ಮಹಡಿಯ ಮೇಲೆ ಸೊಸೆಯ ಹೆಜ್ಜೆ ಕೇಳಿಸುತ್ತಿತ್ತು. ನಲ್ಲಿಗೆ ನಾಲ್ಕು ಹೆಜ್ಜೆ, ಕಿಟಕಿಗೆ ಆರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅವಳು ನನಗೆ ಹೆಚ್ಚಾಗಿ ಸಪ್ಪಳವಾಗಿಯೇ ಇದ್ದಳು.

ಮಗ ಕನ್ನಡಕದ ಅಂಗಡಿ ಇಟ್ಟಿದ್ದ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಸೊಸೆಯದು. ಯಂತ್ರಕ್ಕೆಂದು ಇಬ್ಬರೂ ರುಜು ಹಾಕಿ ಸಾಲ ತಂದರು. ಅಂಗಡಿ ನಡೆಯಲಿಲ್ಲ. ತೀರಿಸಲಾಗದವರು ಇರುವುದನ್ನೆಲ್ಲ ಒಪ್ಪಿಸಿ, ಉಳಿದದ್ದರಿಂದ ಬಿಡುಗಡೆ ಕೇಳಲು ಕಾನೂನಿನಲ್ಲಿ ದಾರಿಯಿದೆ. ಇಬ್ಬರೂ ಸಾಲ ಪರಿಹಾರದ ಕಚೇರಿಗೆ ಅರ್ಜಿ ಕೊಟ್ಟರು. ಯಂತ್ರ ಹೋಯಿತು, ಅಂಗಡಿ ಹೋಯಿತು. ಎರಡು ತಿಂಗಳಿಗೆ, ಮಾತಾಡುತ್ತಾ ಕೂತಲ್ಲೇ ಎದೆ ಹಿಡಿದುಕೊಂಡು ಮಗನೂ ಹೋದ.

ಆಮೇಲೆ ನೆಂಟರು ಬಂದಾಗ ಸೊಸೆ ಮಹಡಿಯಲ್ಲೇ ಇರುವುದು ವಾಸಿ ಎಂದರು ನಮ್ಮ ಮನೆಯವರು. ಸಾಲದ ಮಾತೆದ್ದೀತು ಎಂಬ ಅಳುಕು. ನೆಂಟರು ಹೋದ ಮೇಲೂ ಅವಳು ಕೆಳಗೆ ಬರುವುದು ಕಡಿಮೆಯಾಯಿತು. ಊಟದ ತಟ್ಟೆ ಮೇಲಕ್ಕೆ ಹೋಗುತ್ತಿತ್ತು, ತೊಳೆದು ಕೆಳಗೆ ಬರುತ್ತಿತ್ತು.

ನಮ್ಮ ಮನೆಯಲ್ಲೊಂದು ಪದ್ಧತಿ. ಕಚೇರಿಯ ಮುದ್ರೆಯಿರುವ ಕವರನ್ನು ಹೆಂಗಸರು ಒಡೆಯುವಂತಿಲ್ಲ. ನಡುಕೋಣೆಯ ಕನ್ನಡಿಯ ಹಿಂದೆ ಸಿಕ್ಕಿಸಬೇಕು. ಯಜಮಾನರಿಗೆ ಪುರುಸೊತ್ತಾದಾಗ ನೋಡುತ್ತಾರೆ. ನನ್ನ ಅತ್ತೆ ಹಾಗೇ ಮಾಡಿದರು, ನಾನೂ ಮಾಡಿದೆ. ಮಗ ತೀರಿಕೊಂಡ ವರ್ಷವೇ ಸೊಸೆಯ ಹೆಸರಿಗೆ ಮೂರು ಕವರು ಬಂದವು. "ಈಗ ಬೇಡ, ಅವಳು ದುಃಖದಲ್ಲಿದ್ದಾಳೆ" ಎಂದರು ಯಜಮಾನರು. ಆ 'ಈಗ' ಮುಗಿಯಲೇ ಇಲ್ಲ.

ಸೊಸೆ ಇನ್ನೊಬ್ಬರ ಕನ್ನಡಕದ ಅಂಗಡಿಗೆ ಸಂಬಳಕ್ಕೆ ಸೇರಿದ್ದಳು. ಮಾಲೀಕರನ್ನು ಎಲ್ಲರೂ ದಪ್ಪಗಾಜಿನಜ್ಜ ಅನ್ನುತ್ತಾರೆ. ಅವಳ ಸಂಬಳದಲ್ಲಿ ಕಾಲುಭಾಗವನ್ನು ಸಾಲ ಕೊಟ್ಟವರು ಹಳೇ ಬಾಕಿಗೆ ಹಿಡಿಯುತ್ತಿದ್ದರು. ಅದೂ ಕಚೇರಿಯ ಕ್ರಮವೇ ಇರಬೇಕೆಂದು ಅವಳು ಸುಮ್ಮನಿದ್ದಳು. ಒಂದು ದಿನ ಅಜ್ಜ ಅಂದರಂತೆ, "ನಂಗಿನ್ನು ಆಗಲ್ಲ ಕಣಮ್ಮ. ನಿನ್ನೆ ಗೋಡೆಗೆ ಬಿಲ್ಲು ಕೊಟ್ಟೆ, ಗಿರಾಕಿ ಪಕ್ಕದಲ್ಲಿ ನಿಂತಿದ್ದ. ಅಂಗಡಿ ನೀನೇ ತಗೋ, ಹಿಂದಿನ ಕೋಣೆನೂ ನಿಂದೇ." ಆದರೆ ಕಟ್ಟಡದವರು ಅವಳ ಹೆಸರಿಗೆ ಬಾಡಿಗೆ ಪತ್ರ ಬರೆಯಲು ಬಿಡುಗಡೆಯ ಕಾಗದ ಕೇಳಿದರು.

ಅವತ್ತು ಸೊಸೆ ಕೆಳಗಿಳಿದು ಬಂದಳು.

"ಮಾವ, ನನ್ನ ಅರ್ಜಿ ಎಲ್ಲಿಗೆ ಬಂತು ಅಂತ ಕಚೇರೀಲಿ ಕೇಳ್ಕೊಂಡು ಬರ್ಲಾ?"

"ಕರೆದಾಗ ಹೋದ್ರಾಯ್ತು. ನಾವಾಗೇ ಹೋಗಿ ನಿಂತ್ರೆ ಮನೆ ಮಾನ ಬೀದಿಗೆ."

"ಐದು ವರ್ಷ ಆಯ್ತು ಮಾವ, ಕರೆದೇ ಇಲ್ಲ."

"ಕರೆದಿಲ್ಲ ಅಂದ್ರೆ ಒಳ್ಳೇದೇ ಅಲ್ವಾ?"

ನಾನು ತರಕಾರಿ ಹೆಚ್ಚುತ್ತಿದ್ದೆ. ಹೆಚ್ಚುತ್ತಲೇ ಎಲ್ಲ ಕೇಳಿಸಿಕೊಂಡೆ. ಮರುದಿನ ನೂಲು ತರುವ ನೆಪ ಹೇಳಿ ಅವಳ ಜೊತೆ ಹೊರಟೆ.

ಕಚೇರಿಯ ಕಿಟಕಿಯಲ್ಲಿದ್ದ ಗುಮಾಸ್ತೆ ಕಡತ ತಿರುವಿದಳು. "ನಿಮ್ಮ ಯಜಮಾನರದು ಅವರು ತೀರಿಕೊಂಡಿದ್ದರಿಂದ ಮುಗಿದಿದೆ. ನಿಮ್ಮದು ನಾಲ್ಕು ವರ್ಷದ ಹಿಂದೆ ಮುಚ್ಚಿದ್ದೀವಿ. ಬಿಡುಗಡೆ ಇಲ್ಲದೆ."

"ಇಲ್ಲದೆ ಅಂದ್ರೆ?"

"ಉಳಿದಿದ್ದೆಲ್ಲ ಸರಿಯಿತ್ತು. ಮನೆ ಖರ್ಚಿನ ಬಗ್ಗೆ ಎರಡು ಗಂಟೆ ತರಗತಿ ಇರುತ್ತೆ, ಅದಕ್ಕೆ ನೀವು ಬರ್ಲಿಲ್ಲ. ಬಂದು ರುಜು ಹಾಕಿದ್ರೆ ಅವತ್ತೇ ಮುಗೀತಿತ್ತು. ಸಂಬಳಕ್ಕೂ ಯಾರೂ ಕೈ ಹಾಕೋ ಹಾಗಿರ್ಲಿಲ್ಲ. ಮೂರು ಸಲ ಬರೆದಿದ್ದೀವಿ."

"ನಂಗೊಂದೂ ಬಂದಿಲ್ಲ."

ಗುಮಾಸ್ತೆ ಹಾಳೆಯನ್ನು ನಮ್ಮ ಕಡೆ ತಿರುಗಿಸಿದಳು. ತಲುಪಿದ್ದಕ್ಕೆ ಮೂರು ರುಜು. ಮೂರೂ ನನ್ನವು.

ಸೊಸೆ ರುಜು ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಮತ್ತೆ ತೆರೆಸಬಹುದು" ಎಂದಳು ಗುಮಾಸ್ತೆ, ದನಿ ತಗ್ಗಿಸಿ. "ತರಗತಿ ಮುಗಿಸಿ ಅರ್ಜಿ ಹಾಕಿ. ಆದ್ರೆ ತಡ ಯಾಕಾಯ್ತು ಅಂತ ಆಧಾರ ಬೇಕು. ಕವರು ತಗೊಂಡೋರು, ಯಾಕೆ ಕೊಡ್ಲಿಲ್ಲ ಅಂತ ತಾವೇ ಬರೆದು ಕೊಡ್ಬೇಕು."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಮ್ಮಿಬ್ಬರ ನಡುವೆ ನನ್ನ ಕೈಚೀಲವಿತ್ತು. ಅದನ್ನು ತೆಗೆದು ಮಡಿಲಿಗೆ ಇಟ್ಟುಕೊಳ್ಳುವಷ್ಟು ಧೈರ್ಯವೂ ನನಗೆ ಬರಲಿಲ್ಲ.

ಮನೆಗೆ ಬಂದು ಕನ್ನಡಿಯ ಹಿಂದೆ ಕೈ ಹಾಕಿದೆ. ಮೂರೂ ಅಲ್ಲೇ ಇದ್ದವು, ಅಂಟು ಕೂಡ ಬಿಟ್ಟಿರಲಿಲ್ಲ. ಸೊಸೆಗೆ ಕೊಟ್ಟೆ. ಆಮೇಲೆ ಬಿಳಿ ಹಾಳೆ ತಂದು ಮೇಜಿನ ಮುಂದೆ ಕೂತೆ.

"ಏನದು?" ಎಂದರು ಯಜಮಾನರು.

ಹೇಳಿದೆ.

"ಹುಚ್ಚಾ ನಿಂಗೆ? ಆ ಮನೇಲಿ ಸೊಸೆ ಕಾಗದ ಮುಚ್ಚಿಡ್ತಾರೆ ಅಂತ ಕಚೇರಿಯೋರೆಲ್ಲ ಓದ್ಲಿ ಅಂತೀಯಾ?"

"ಮುಚ್ಚಿಟ್ಟಿದ್ದೀವಲ್ಲ."

"ನಾನೇನು ಕೆಟ್ಟದ್ದಕ್ಕೆ ಮಾಡಿದ್ನಾ? ಆಗ ಅವಳು ಅಳ್ತಿದ್ಲು."

"ಅಳೋಳಿಗೆ ಓದಕ್ಕೆ ಬರ್ತಿರ್ಲಿಲ್ವಾ?"

"ಅಂಚೆಯವನು ಬೇರೆ ಮನೆಗೆ ಕೊಟ್ಟಿದ್ದ ಅಂತ ಬರಿ" ಎಂದರು.

"ಅವನ ಕೆಲಸ ಹೋಗುತ್ತೆ. ಅವನಿಗೂ ಮನೆ ಮಕ್ಕಳು ಇದ್ದಾರೆ."

"ನನ್ನ ಮಾತು ಮೀರಿ ಬರೆದ್ರೆ, ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡ."

ನಲವತ್ತು ವರ್ಷದಲ್ಲಿ ಅವರ ಮಾತಿಗೆ ನಾನು ಎದುರಾಡಿದವಳಲ್ಲ. ಆದರೂ ಬರೆದೆ: 'ಮೂರು ಕವರುಗಳನ್ನು ತೆಗೆದುಕೊಂಡವಳು ನಾನು. ಅವು ನನ್ನ ಸೊಸೆಯ ಹೆಸರಿನವು. ಅವಳಿಗೆ ಕೊಡಲಿಲ್ಲ. ನಮ್ಮ ಮನೆಯಲ್ಲಿ ಕೊಡುವ ಪದ್ಧತಿ ಇರಲಿಲ್ಲ. ಅವಳದೇನೂ ತಪ್ಪಿಲ್ಲ.'

ಸೊಸೆ ತರಗತಿಗೆ ಹೋಗಿ ಬಂದಳು. "ಖರ್ಚು ಬರೆದಿಡೋದು ಹೇಗೆ ಅಂತ ಹೇಳ್ಕೊಟ್ರು ಅತ್ತೆ. ನಾನು ಬೆಂಕಿಪೊಟ್ಟಣನೂ ಬಿಡದೆ ಬರೆದಿರೋ ಪುಸ್ತಕ ತೋರಿಸ್ದೆ. ಮೇಷ್ಟ್ರು ಅದನ್ನೇ ಇಸ್ಕೊಂಡು ಪಾಠ ಮಾಡಿದ್ರು." ಐದು ವರ್ಷದ ಮೇಲೆ ಅವಳ ನಗು ನೋಡಿದೆ. ಯಜಮಾನರು ಮಾತ್ರ ತಮ್ಮ ಮಾತು ಉಳಿಸಿಕೊಂಡರು. ಬಡಿಸಿದರೆ ಉಣ್ಣುತ್ತಿದ್ದರು, ಸಾಕು ಅನ್ನಲು ಕೈ ಅಡ್ಡ ಹಿಡಿಯುತ್ತಿದ್ದರು.

ನನ್ನ ಹಾಳೆಯ ಜೊತೆ ಅವಳು ಮತ್ತೆ ಅರ್ಜಿ ಹಾಕಿದ ಏಳನೇ ವಾರ ಅಂಚೆಯವನು ಬಂದ. ಅದೇ ಮುದ್ರೆ. ನನ್ನ ಕಡೆ ಲೇಖನಿ ಚಾಚಿದ.

ಒಳಗಿನಿಂದ ಯಜಮಾನರ ದನಿ ಬಂತು, ಅಷ್ಟು ದಿನದ ಮೇಲೆ ಮೊದಲ ಸಲ. "ತಗೊಂಡು ಕನ್ನಡಿ ಹಿಂದೆ ಇಡು. ನಾನು ನೋಡ್ತೀನಿ."

ಆ ದನಿಗಾಗಿ ನಾನು ಎಷ್ಟು ಕಾದಿದ್ದೆ ಅಂತ ಆಗಲೇ ಗೊತ್ತಾಗಿದ್ದು. ಆದರೂ ಲೇಖನಿ ಮುಟ್ಟಲಿಲ್ಲ. "ಒಂದು ನಿಮಿಷ ಇರಪ್ಪ. ಹೆಸರಿನವಳೇ ಬರ್ತಾಳೆ" ಎಂದು ಮೇಲಕ್ಕೆ ಮುಖವೆತ್ತಿ ಕೂಗಿದೆ.

ಸೊಸೆ ಇಳಿದು ಬಂದು ರುಜು ಹಾಕಿದಳು. ನಿಂತಲ್ಲೇ ಒಡೆದು ಓದಿ, ಕಾಗದವನ್ನು ನನ್ನ ಕೈಗಿಟ್ಟಳು. "ನೀವೂ ಓದಿ ಅತ್ತೆ." ನನ್ನ ಜನ್ಮದಲ್ಲಿ ಓದಿದ ಮೊದಲ ಕಚೇರಿ ಕಾಗದ. ಬಿಡುಗಡೆ ಮಾಡಲಾಗಿದೆ ಎಂಬಲ್ಲಿಗೆ ಬಂದಾಗ ಒಳಕೋಣೆಗೂ ಕೇಳುವಂತೆ ಓದಿದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಗಿತ್ತು.

ತಾಯಂದಿರೇ, ಮಾನ ಹೋದೀತೆಂದು ನಾವು ಮುಚ್ಚಿಟ್ಟ ಕಾಗದದಲ್ಲಿ ಮಾನ ಉಳಿಸುವ ಎರಡು ಗಂಟೆಯ ಕೆಲಸವಿತ್ತು. ನಿಮ್ಮ ಮನೆಯಲ್ಲೂ ಅಂಥ ಜಾಗವಿದ್ದರೆ ಇವತ್ತೇ ಕೈಹಾಕಿ ನೋಡಿ. ಯಾರ ಹೆಸರಿದೆಯೋ ಅವರ ಕೈಗೇ ಕೊಡಿ.

ಸೊಸೆ ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದಾಳೆ. ಅವಳು ಹೋದ ದಿನವೇ ಕನ್ನಡಿಯನ್ನು ಗೋಡೆಗೆ ಒತ್ತಿ, ನಾಲ್ಕು ಮೂಲೆಗೂ ನಾನೇ ಮೊಳೆ ಹೊಡೆದೆ. ಯಜಮಾನರು ನೋಡುತ್ತಾ ನಿಂತಿದ್ದರು, ಬೇಡ ಅನ್ನಲಿಲ್ಲ. ಬೆಳಿಗ್ಗೆ ಬಟ್ಟೆ ಮಡಿಸುವಾಗ ಮಹಡಿಯಲ್ಲಿ ಸಪ್ಪಳವಿಲ್ಲ. ಹೆಜ್ಜೆ ಎಣಿಸುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ನಲ್ಲಿಗೆ ನಾಲ್ಕು, ಕಿಟಕಿಗೆ ಆರು. ಕನ್ನಡಿಯ ಹಿಂದೆ ಈಗ ಒಂದು ಕಾಗದ ತೂರುವಷ್ಟೂ ಸಂದಿಯಿಲ್ಲ.