ಹೊಸದಾಗಿಯೇ ಉಳಿದ ಬೂಟು

ಬಕೆಟ್ಟಿನ ನೀರು ಹಾಲಿನಂತೆ ಬೆಳ್ಳಗಾಯಿತು, ಪ್ಲಾಸ್ಟರ್ ಪಟ್ಟಿ ಅದ್ದಿದ ಕೂಡಲೇ ಗುಳುಗುಳು ಎಂದಿತು — ಈ ವಾಸನೆ ಇನ್ನೊಮ್ಮೆ ಮೂಗಿಗೆ ಬರಬಾರದಿತ್ತು, ಮಗಳು ಹುಟ್ಟಿದ ಹತ್ತನೇ ದಿನದಿಂದ ಆರು ವಾರ, ವಾರಕ್ಕೊಂದು ಪ್ಲಾಸ್ಟರ್, ಒಳಕ್ಕೆ ತಿರುಗಿದ್ದ ಎರಡೂ ಪಾದಗಳನ್ನು ಡಾಕ್ಟರ್ ಅರುಣಕುಮಾರ ಬೆರಳಿನಿಂದ ಒತ್ತಿ ಒತ್ತಿ ಹೊರಕ್ಕೆ ತಂದಿದ್ದರು, ಮುಗಿಯಿತು ಅಂದುಕೊಂಡು ಆಸ್ಪತ್ರೆಯ ಮುಂದಿನ ಈ ಸೇಡಂ ರಸ್ತೆಯಲ್ಲೇ ಪೇಢೆ ಕೊಂಡು ಹಂಚಿದ್ದೆ, ಈಗ ಸೃಷ್ಟಿಗೆ ಹದಿನಾಲ್ಕು ತಿಂಗಳು, ಓರಗೆಯ ಮಕ್ಕಳು ಗೋಡೆ ಹಿಡಿದು ನಡೆಯುತ್ತಿವೆ, ನನ್ನ ಮಗಳು ಮತ್ತೆ ಇದೇ ಮೇಜಿನ ಮೇಲೆ, ಬಲಗಾಲು ಮತ್ತೆ ಒಳಕ್ಕೆ — ಮೊಣಕಾಲು ಗಟ್ಟಿ ಹಿಡೀರಿ ಅಂಬಿಕಾ ಅವರೇ, ಹಿಡಿದಿದ್ದೇನೆ, ಇನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ. ಅರ್ಧ ಗಂಟೆಯ ಹಿಂದೆ ಕೇಳಿದರು, ಮಲಗಿಸುವಾಗ ದಿನಾ ಬೂಟು ಹಾಕ್ತೀರೇನ್ರಿ, ಹೌದ್ರಿ ಸರ್, ಒಂದು ದಿನಾನೂ ತಪ್ಪಿಸಿಲ್ಲ, ಎಷ್ಟು ಜಂಬದಿಂದ ಹೇಳಿದೆ, ಅವರು ಆ ಪುಟ್ಟ ಬೂಟುಗಳನ್ನು, ಪಾದ ಮತ್ತೆ ಒಳಕ್ಕೆ ತಿರುಗದಂತೆ ನಡುವೆ ಕಬ್ಬಿಣದ ಪಟ್ಟಿ ಜೋಡಿಸಿದ್ದ ಆ ಜೋಡಿಯನ್ನು ತಿರುಗಿಸಿ, ಒಳಗೆ ಬೆರಳಾಡಿಸಿ ನೋಡಿದರು, ಪಾದ ಬೆಳೆಯಿತೆಂದು ಹೊಸದಾಗಿ ಕೊಂಡು ನಾಲ್ಕು ತಿಂಗಳು ಹಾಕಿದ ಬೂಟಿನಲ್ಲಿ ಹಿಮ್ಮಡಿಯ ಗುರುತೇ ಇಲ್ಲ, ಬೆಲ್ಟಿನ ತೂತು ಒಂದಿಷ್ಟೂ ಸಡಿಲಾಗಿಲ್ಲ, ಇದು ಅಂಗಡಿಯಿಂದ ತಂದಂಗೇ ಅದಲ್ರಿ — ನಾನು ತಿರುಗಿ ಅವ್ವನ ಮುಖ ನೋಡಿದೆ, ಅವ್ವ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದಳು.

ನಾಲ್ಕು ತಿಂಗಳು. ಕಪನೂರದ ಬೇಳೆ ಮಿಲ್ಲಿನ ಆಫೀಸಿಗೆ ನಾನು ಮತ್ತೆ ಹೊರಟಾಗ, ಕೂಸನ್ನ ನನ್ನ ಬಲ್ಲಿ ಬಿಡು ಅಂದವಳು ಇವಳೇ, ಹೆತ್ತವಳು, ಅತ್ತೆಯಾಗಿದ್ದರೆ ಅನುಮಾನ ಪಡುತ್ತಿದ್ದೆನೇನೋ, ಅವ್ವನ ಮೇಲೆ ಹೇಗೆ ಪಡಲಿ, ಭಾನುವಾರ ಭಾನುವಾರ ಅವ್ವನ ಊರು ಕಮಲಾಪುರದ ಬಸ್ಸು ಹತ್ತುತ್ತಿದ್ದೆ, ಮಧ್ಯಾಹ್ನ ಮಲಗಿಸಲು ಬೂಟು ಹಾಕಿದರೆ ಸೃಷ್ಟಿ ಓಣಿಗೆಲ್ಲ ಕೇಳುವಂತೆ ಚೀರುತ್ತಿದ್ದಳು, ಅವ್ವ ಬಾಗಿಲಲ್ಲಿ ನಿಂತು, ನಿನ್ನ ಕೈ ಬಿರಸು ಅದ ಅಂಬಿ, ನಾ ಹಾಕಿದ್ರ ಪಿಟ್ಟ ಅನ್ನಂಗಿಲ್ಲ — ನಂಬಿದೆ, ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕೈಗಳನ್ನೇ ನೋಡಿಕೊಂಡು ಅತ್ತಿದ್ದೇನೆ, ಮಗಳನ್ನು ಮುಟ್ಟಲೂ ಬಾರದ ತಾಯಿ ನಾನು ಅಂತ. ಈಗಷ್ಟೇ, ಪ್ಲಾಸ್ಟರಿಗೆ ಒಳಗೆ ಕರೆಯುವ ಮೊದಲು, ಹೊರಗಿನ ಬೆಂಚಿನ ಮೇಲೆ ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟಳು, ಎರಡು ದಿನ ಹಾಕಿದ್ನೆವ್ವಾ, ಕೂಸಿನ ಸಂಕಟ ನೋಡಾಕ ಆಗಲಿಲ್ಲ, ಕೂಸಿಗೆ ನೀರು ಎರಿಯಾಕ ಬರೋ ಹಣಮಮ್ಮ ಔಡಲೆಣ್ಣಿ ತಿಕ್ಕಿ ನೀವಿದ್ರ ಕಾಲು ತಾನೇ ನೆಟ್ಟಗಾಗ್ತದಂದಳು, ನಿನಗೂ ಆಕೀನೇ ಎರದಾಕಿ — ಸಂಕಟ ನೋಡಲು ಆಗಲಿಲ್ಲವಂತೆ, ಈಗ ನೋಡು, ಒಳಗೆ ಬಂದು ನೋಡು, ಒಂದು ಮಾತು ಹೇಳಬಹುದಿತ್ತಲ್ಲ, ನನ್ನ ಕೈಲಿ ಆಗಂಗಿಲ್ಲ ಅಂಬಿ ಅಂತ, ರಜೆ ಹಾಕುತ್ತಿದ್ದೆ, ಕೆಲಸವನ್ನೇ ಬಿಡುತ್ತಿದ್ದೆ, ಎಣ್ಣೆ ತಿಕ್ಕಿದ್ದಕ್ಕೆ ನನಗೆ ಸಿಟ್ಟಿಲ್ಲ, ತಿಳಿಯದೆ ಮಾಡಿದಳು ಅನ್ನಬಹುದು, ಸುಳ್ಳು ತಿಳಿಯದೆ ಆಡುವಂಥದ್ದೇ? ದಿನಾ ಫೋನು ಮಾಡಿದ್ದೇನೆ, ಮಲಗಿಸುವ ಹೊತ್ತಿಗೆ ಸರಿಯಾಗಿ, ಬೂಟು ಹಾಕಿದೇನವ್ವಾ, ಹಾಕೀನಿ ಬೇ, ಬೇಕಾದ್ರ ಕೇಳು, ಫೋನನ್ನು ಮಂಚದ ಹತ್ತಿರ ಹಿಡಿಯುತ್ತಿದ್ದಳು, ಕಟ್ ಕಟ್ ಕಟ್, ಕೂಸು ಕಾಲು ಜಾಡಿಸಿದಾಗ ಕಬ್ಬಿಣ ಮಂಚಕ್ಕೆ ಬಡಿಯುವ ಸದ್ದು, ಅದನ್ನು ಕೇಳಿದ ಮೇಲೆಯೇ ನಾನು ಉಣ್ಣಲು ಕೂರುತ್ತಿದ್ದೆ — ತಡಿ, ಬೂಟು ಹಾಕಿರಲೇ ಇಲ್ಲವಲ್ಲ, ಅದರೊಳಗೆ ಕಾಲೇ ಇರಲಿಲ್ಲ, ಹಾಗಾದರೆ ಆ ಸದ್ದು — ಅಲುಗಾಡಬಾರದು, ಗಟ್ಟಿ ಹಿಡೀರಿ — ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಖಾಲಿ ಬೂಟು, ಅವ್ವ ಮಂಚದ ಅಂಚಿಗೆ ಕೂತು ಬಡಿಯುತ್ತಿದ್ದಾಳೆ, ಕಟ್ ಕಟ್, ದಿನವೂ, ನಾನು ಸಾಕು ಅನ್ನುವವರೆಗೂ, ನನ್ನ ಅವ್ವ, ಖಾಲಿ ಬೂಟು ಹಿಡಿದು ಮಂಚಕ್ಕೆ ಬಡಿಯುತ್ತಿದ್ದಾಳೆ, ಖಾಲಿ ಬೂಟು