ಮೂರನೆಯ ಕಿವಿ

ಕಂಬಕ್ಕೆ ಅಂಟಿಸಿದ್ದ ಹಾಳೆಯಲ್ಲಿ ತನ್ನ ಹೆಸರು ಕಂಡು ಆರ್ವೆಲ್ಲಾ ಸ್ಟಿಡಮ್ ಕನ್ನಡಕ ಹಾಕಿಕೊಂಡಳು. ಮಧ್ಯಾಹ್ನ ಎರಡು ಗಂಟೆಗೆ, ದೊಡ್ಡ ಗುಡಾರದಲ್ಲಿ, ಆರ್ವೆಲ್ಲಾ ಸ್ಟಿಡಮ್ ಅವರಿಂದ ಉರಿ ತೆಗೆಯುವ ಪ್ರಾತ್ಯಕ್ಷಿಕೆ ಎಂದು ಬರೆದಿತ್ತು. ಅವಳು ಹಾಳೆಯನ್ನು ಕಿತ್ತು ಜೇಬಿಗೆ ತುರುಕಿಕೊಂಡಳು. ಮುಂದಿನ ಕಂಬದಲ್ಲೂ ಅದೇ ಹಾಳೆ. ಅದನ್ನೂ ಕಿತ್ತಳು. ಸೋರ್‌ವುಡ್ ಗ್ಯಾಪ್ ಎಂಬ ಗುಡ್ಡದೂರಿನ ಶಾಲೆಯ ಮೈದಾನದಲ್ಲಿ ಕರಕುಶಲ ಮೇಳಕ್ಕೆಂದು ಅಷ್ಟು ಹೊತ್ತಿಗೆ ಬುಟ್ಟಿ ಹೆಣೆಯುವವರು ಓಕ್ ಮರದ ಸೀಳುಗಳನ್ನು ನೀರಿಗೆ ಹಾಕಿಯಾಗಿತ್ತು. ಕೌದಿ ಹೊಲಿಯುವ ಹೆಂಗಸರು ಚೌಕಟ್ಟಿನ ಸುತ್ತ ಕುರ್ಚಿ ಎಳೆದುಕೊಂಡು ಕೂತಿದ್ದರು. ಅವರೆಲ್ಲರ ಕಣ್ಣೆದುರೇ ಅವಳು ಕಂಬದಿಂದ ಕಂಬಕ್ಕೆ ನಡೆದಳು. ಏನಾಯಿತೆಂದು ಯಾರೂ ಕೇಳಲಿಲ್ಲ. ಕೇಳುವಂಥದ್ದು ಏನೂ ಇರಲಿಲ್ಲ. ಎಲ್ಲರೂ ಬೆಳಿಗ್ಗೆಯೇ ಓದಿಕೊಂಡಿದ್ದರು.

ಉರಿ ತೆಗೆಯುವುದು ಗುಡಾರದಲ್ಲಿ ತೋರಿಸುವ ವಿದ್ಯೆಯಲ್ಲ. ಸುಟ್ಟ ಗಾಯದ ಮೇಲೆ ಕೈಯಾಡಿಸುತ್ತ, ಮೆಲ್ಲಗೆ ಊದುತ್ತ, ತುಟಿಯೊಳಗೇ ಹೇಳಿಕೊಳ್ಳುವ ಮೂರು ಸಾಲು, ಅಷ್ಟೇ. ಹೆಂಗಸು ಅದನ್ನು ಗಂಡಸಿಗೇ ಕೊಡಬೇಕು, ಗಂಡಸು ಹೆಂಗಸಿಗೇ ಕೊಡಬೇಕು, ಅದೂ ರಕ್ತಸಂಬಂಧ ಇಲ್ಲದವರಿಗೆ. ಒಬ್ಬರು ಮೂವರಿಗೆ ಮಾತ್ರ ಕೊಡಬಹುದು. ಮೂರನೆಯವರ ಕಿವಿಗೆ ಬಿದ್ದ ಮೇಲೆ ಕೊಟ್ಟವರ ಬಾಯಲ್ಲಿ ಅದು ಬರೀ ಮಾತಾಗಿ ಉಳಿಯುತ್ತದೆ. ಆರ್ವೆಲ್ಲಾಗೆ ಕೊಟ್ಟವನು ಲವೆಲ್ ಜಸ್ಟಸ್ ಎಂಬ ಗಣಿಯ ಮುದುಕ. ಒಂದು ಸಂಜೆ ತನ್ನ ಜಗಲಿಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದವನು, ಯಾವ ಪೀಠಿಕೆಯೂ ಇಲ್ಲದೆ ಅವಳ ಕಡೆ ಬಾಗಿ ಹೇಳಿ ಮುಗಿಸಿದ್ದ. ಅವಳೂ ಇಬ್ಬರಿಗೆ ಕೊಟ್ಟಿದ್ದಳು. ಒಬ್ಬ ಕಲ್ಲಿದ್ದಲ ದೂಳಿಗೆ ಶ್ವಾಸಕೋಶ ಕೊಟ್ಟು ಸತ್ತ. ಇನ್ನೊಬ್ಬ ಕೆಲಸಕ್ಕೆಂದು ಒಹಾಯೋಗೆ ಹೋದವನು ಅಲ್ಲೇ ತೀರಿಕೊಂಡ. ಉಳಿದ ಒಂದನ್ನು ಎಸ್ಟಿಲ್ ಫ್ಯೂಗೇಟ್‌ಗೆ ಕೊಡಬೇಕೆಂದು ಅವಳು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದಳು. ಎಸ್ಟಿಲ್ ಈ ಕಣಿವೆಗಳಲ್ಲೆಲ್ಲ ಆಂಬುಲೆನ್ಸ್ ಓಡಿಸುವವನು. ಸುಟ್ಟವರನ್ನು ಅವಳಿಗಿಂತ ಹೆಚ್ಚು ನೋಡಿದವನು, ಕಡಿಮೆ ಮಾತಿನವನು. ಆದರೆ ಈಗಲೇ ಅಲ್ಲ. ಕೈ ನಡುಗಲು ಶುರುವಾದಾಗ, ಯಾವುದಾದರೂ ಒಂದು ಸಂಜೆ, ಜಗಲಿಯಲ್ಲಿ.

ಕೆಂಡ್ರಿಕ್ ಲೈಲ್ ಗುಡಾರದ ಪಕ್ಕದಲ್ಲಿ ಧ್ವನಿಯಂತ್ರದ ಮೇಜಿನ ಮುಂದೆ ವೈರು ಸುತ್ತುತ್ತಿದ್ದ. ಮೇಳ ನಡೆಸುವ ಪರಂಪರೆ ಕೇಂದ್ರದ ಮುಖ್ಯಸ್ಥ. ಹೊರಗಿನವನೇನಲ್ಲ, ಎರಡು ಗುಡ್ಡದಾಚೆ ಹುಟ್ಟಿದವನೇ. ದೂರ ಹೋಗಿ ಓದಿ ಬಂದ ಮೇಲೆ ಮಾತು ನುಣ್ಣಗಾಗಿತ್ತು. ಅವಳು ಹಾಳೆಗಳ ಮುದ್ದೆಯನ್ನು ಅವನ ಮುಂದೆ ಇಟ್ಟಳು.

"ಅಯ್ಯೋ ಆರ್ವೆಲ್ಲಾ ಅವ್ರೇ, ಇದು ಅಚ್ಚಿನವರು ಮಾಡಿದ ಎಡವಟ್ಟು."

"ಅಚ್ಚಿನವನು ಇರೋದು ಲೆಕ್ಸಿಂಗ್ಟನ್ನಲ್ಲಿ. ನಾನು ಉರಿ ತೆಗೀತೀನಿ ಅಂತ ಅವನಿಗೆ ಕನಸು ಬಿತ್ತಾ?"

ಅವನು ನಕ್ಕ. ಕ್ಷಮೆ ಕೇಳಿದ. ಮುಲಾಮಿನ ಬಗ್ಗೆ ಮಾತ್ರ ಮಾತಾಡಿದರೆ ಸಾಕು, ಹಾಗೆಂದೇ ಘೋಷಿಸುತ್ತೇನೆ ಎಂದ. ವಸಂತದಿಂದ ಇಲ್ಲಿಯವರೆಗೆ ಮತ್ತೆ ಮತ್ತೆ ಮನೆಗೆ ಬಂದು, ಆ ಮೂರು ಸಾಲನ್ನು ಧ್ವನಿ ಹಿಡಿದಿಡುವ ಯಂತ್ರಕ್ಕೆ ಹೇಳಿಬಿಡಿ ಎಂದು ಬೇಡಿದವನು ಇವನೇ. ಪ್ರತಿ ಸಲವೂ ತನ್ನ ಅಜ್ಜಿಯ ಕಥೆ ತೆಗೆಯುತ್ತಿದ್ದ: ಅಜ್ಜಿಗೂ ಉರಿ ತೆಗೆಯಲು ಬರುತ್ತಿತ್ತು, ಯಾರಿಗೂ ಕೊಡದೆ ಮಣ್ಣಿಗೆ ಹೋದಳು. ಕೊನೆಯ ಸಲ ಆರ್ವೆಲ್ಲಾ ರೇಗಿದ್ದಳು. ನಿಮ್ಮಜ್ಜಿ ಕೊಡಲಿಲ್ಲ ಅಂದರೆ ಮನೆಗೆ ಬಂದುಹೋಗುವವರಲ್ಲಿ ಕೊಡುವಂಥವನು ಒಬ್ಬನೂ ಕಾಣಲಿಲ್ಲ ಅಂತ ಅರ್ಥ, ಎಂದಿದ್ದಳು. ಆಮೇಲೆ ಅವನು ಆ ವಿಷಯ ಎತ್ತಿರಲಿಲ್ಲ. ಎತ್ತದೆ ಇದ್ದದ್ದು ಯಾಕೆಂದು ಅವಳು ಯೋಚಿಸಬೇಕಿತ್ತು.

ಅವನು ಅವಳ ಕಾಲರಿಗೆ ಕಡಲೆಕಾಳಿನಷ್ಟು ದಪ್ಪದ ಮೈಕು ಸಿಕ್ಕಿಸಿದ. ಸೊಂಟದ ಹಿಂದೆ ಧ್ವನಿಯನ್ನು ಮೇಜಿಗೆ ಕಳಿಸುವ ಒಂದು ಪುಟ್ಟ ಪೆಟ್ಟಿಗೆ. ಇದನ್ನು ಮುಟ್ಟಬೇಡಿ, ಹಾಕುವುದೂ ಆರಿಸುವುದೂ ನನ್ನ ಮೇಜಿನಿಂದಲೇ, ಎಂದ.

ಮುಲಾಮಿನ ಮಾತು ಚೆನ್ನಾಗಿಯೇ ನಡೆಯಿತು. ಹಾದಿಬದಿಯಲ್ಲಿ ಬೆಳೆಯುವ ಅಗಲೆಲೆಯ ಗಿಡ, ತೊರೆಯಂಚಿನ ಕಿತ್ತಳೆ ಹೂವಿನ ಗಿಡ, ಹಂದಿಕೊಬ್ಬು, ಜೇನುಮೇಣ. ಯಾವುದು ಕೀಟ ಕಚ್ಚಿದ್ದಕ್ಕೆ, ಯಾವುದು ಬರೀ ಕೈ ಒಡೆದಿದ್ದಕ್ಕೆ, ಯಾವುದಕ್ಕೆ ಇದನ್ನು ನಂಬದೆ ಡಾಕ್ಟರ ಹತ್ತಿರ ಓಡಬೇಕು ಎಂದು ಅವಳು ಬಿಡಿಸಿ ಹೇಳಿದಳು. ಹೊರಊರಿನ ಹೆಂಗಸೊಬ್ಬಳು ಇದನ್ನು ಸುಟ್ಟ ಗಾಯಕ್ಕೆ ಹಚ್ಚಬಹುದೇ ಎಂದು ಕೇಳಿದಳು. ಆಗತಾನೇ ಸುಟ್ಟ ಗಾಯಕ್ಕೆ ಕೊಬ್ಬು ಹಚ್ಚುವುದೆಂದರೆ ಕಾದ ಬಾಣಲೆಗೆ ಮುಚ್ಚಳ ಹಾಕಿದ ಹಾಗೆ, ಬಿಸಿ ಒಳಗೇ ಕೂರುತ್ತದೆ, ತಣ್ಣೀರು ಹಿಡಿಯಿರಿ ಎಂದು ಆರ್ವೆಲ್ಲಾ ಹೇಳಿದಳು. ಮಂತ್ರ ಗಿಂತ್ರ ಇದೆಯಂತಲ್ಲ ಎಂದು ಇನ್ನೊಬ್ಬ ಕೇಳಿದ. ಅವಳು ಆ ಕಡೆ ನೋಡದೆ ಡಬ್ಬಿಗಳನ್ನು ಜೋಡಿಸತೊಡಗಿದಳು. ಮೈಕು ಬಿಚ್ಚಲು ಹೋದಾಗ ಕೆಂಡ್ರಿಕ್ ಮೇಜಿನಿಂದಲೇ ಕೈ ಮಾಡಿ ಕೂಗಿದ: ಇರಲಿ, ಜನ ಇನ್ನೂ ಕೇಳುವುದಿದೆ, ಆರಿಸಿದ್ದೇನೆ.

ಅಷ್ಟರಲ್ಲಿ ಮೈದಾನದ ಆಚೆ ತುದಿಯಿಂದ ಕೂಗು ಕೇಳಿತು.

ಅಲ್ಲಿ ತಾಮ್ರದ ಕೊಪ್ಪರಿಗೆಯಲ್ಲಿ ಬೆಳಿಗ್ಗೆಯಿಂದ ಸೇಬಿನ ಪಾಕ ಕುದಿಯುತ್ತಿತ್ತು. ಪಾಕ ಗಟ್ಟಿಯಾಗುವ ಹೊತ್ತಿಗೆ ಕೆಸರಿನ ಗುಳ್ಳೆಗಳಂತೆ ಸಿಡಿಯುತ್ತದೆ. ಉದ್ದ ಹಿಡಿಯ ಸೌಟಿನಿಂದ ದೂರ ನಿಂತು ತಿರುವಬೇಕು. ತಿರುವುತ್ತಿದ್ದ ರೆನೆಟಾ ಕ್ಯಾಂಟ್ರೆಲ್ ಯಾರೊಂದಿಗೋ ಮಾತಾಡುತ್ತ ಹತ್ತಿರ ಸರಿದಿದ್ದಳು. ಒಂದು ಮುದ್ದೆ ಹಾರಿ ಮುಂಗೈಗೆ ಅಂಟಿಕೊಂಡಿತ್ತು. ಒರೆಸಲು ಹೋಗಿ ಇನ್ನಷ್ಟು ಹರಡಿಕೊಂಡಿದ್ದಳು.

ಆರ್ವೆಲ್ಲಾ ಅವಳ ಕೈಯನ್ನು ಸೇಬು ತೊಳೆಯುವ ತೊಟ್ಟಿಯ ನೀರಿನಲ್ಲಿ ಅದ್ದಿಸಿ, ಅಲುಗಾಡದಂತೆ ಹಿಡಿದುಕೊಂಡಳು. ಎಸ್ಟಿಲ್ ತನ್ನ ಔಷಧಿ ಪೆಟ್ಟಿಗೆಯೊಂದಿಗೆ ಓಡಿಬಂದ. ನೀರಿನಲ್ಲಿ ಸಾಕಷ್ಟು ಹೊತ್ತು ಇದ್ದ ಮೇಲೂ ರೆನೆಟಾ ನಡುಗುತ್ತಿದ್ದಳು, ಹಲ್ಲು ಕಟಕಟ ಎನ್ನುತ್ತಿತ್ತು. ಎಸ್ಟಿಲ್ ಆರ್ವೆಲ್ಲಾಳ ಮುಖ ನೋಡಿದ. ಅವಳು ತಲೆಯಾಡಿಸಿ, ರೆನೆಟಾಳ ಕೈಯನ್ನು ತನ್ನ ಅಂಗೈ ಮೇಲೆ ತೆಗೆದುಕೊಂಡು ಬಾಗಿದಳು. ಊದಿದಳು.

ಇಡೀ ಮೈದಾನದ ಮೇಲೆ ಗಾಳಿ ಬೀಸಿದ ಸದ್ದಾಯಿತು.

ಮೊದಲ ಸಾಲಿನ ಮೊದಲ ಮಾತು ಅವಳ ತುಟಿ ದಾಟಿತ್ತು. ಅದೇ ಮಾತು ಗುಡಾರದ ಕಂಬದ ಸ್ಪೀಕರಿನಿಂದ, ಶಾಲೆಯ ಗೋಡೆಯಿಂದ, ಎದುರಿನ ಗುಡ್ಡದಿಂದ ವಾಪಸು ಬಂತು. ಐವತ್ತು ವರ್ಷ ತುಟಿಯೊಳಗೇ ಇದ್ದದ್ದು ಅಷ್ಟು ದೊಡ್ಡದಾಗಿ, ಮುದುಕಿಯ ಗೊರಗೊರ ಉಸಿರಿನ ಸಮೇತ. ನಿಲ್ಲಿಸುವ ಹಾಗಿರಲಿಲ್ಲ. ನಡುವೆ ಮುರಿದರೆ ಉರಿ ಮೂಳೆಗೆ ಇಳಿಯುತ್ತದೆ ಎಂದು ಲವೆಲ್ ಹೇಳಿದ್ದ. ಅದು ನಿಜವೋ ಸುಳ್ಳೋ ಅವಳು ಎಂದೂ ಪರೀಕ್ಷಿಸಿ ನೋಡಿರಲಿಲ್ಲ, ರೆನೆಟಾಳ ಕೈಯ ಮೇಲೆ ಪರೀಕ್ಷಿಸುವವಳೂ ಅಲ್ಲ. ಎರಡು ಕೈಯೂ ಗಾಯದ ಮೇಲಿದ್ದವು. ಕಾಲರು ಮುಟ್ಟುವಂತಿರಲಿಲ್ಲ. ಅವಳು ಕಣ್ಣು ಮಾತ್ರ ಎತ್ತಿದಳು. ಮೇಜಿನ ಹಿಂದೆ ಕೆಂಡ್ರಿಕ್ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಸ್ಪೀಕರಿನ ಪರಿವೆಯೇ ಇಲ್ಲದೆ ನಿಂತಿದ್ದ.

ಎರಡನೆಯ ಮಾತು ಗುಡ್ಡಕ್ಕೆ ಹೋಗುವಷ್ಟರಲ್ಲಿ ಹೋಬರ್ಟ್ ಲೂನಿ ತನ್ನ ಗರಗಸದ ಹಗ್ಗ ಎಳೆದ. ಮರದ ದಿಮ್ಮಿಯಲ್ಲಿ ಕರಡಿ ಕೆತ್ತುವ ಮೋಟಾರು ಗರಗಸ ಅದು. ಕರಡಿಯನ್ನು ಅರ್ಧಕ್ಕೇ ಬಿಟ್ಟು, ಕಿರುಚುವ ಗರಗಸವನ್ನು ಸ್ಪೀಕರಿನ ಕಂಬದ ಕೆಳಗೆ ತಂದು ತಲೆಯ ಮೇಲೆ ಎತ್ತಿ ಹಿಡಿದ. ಕಮ್ಮಾರ ಅಡೆಗಲ್ಲಿಗೆ ಬರೀ ಸುತ್ತಿಗೆ ಹೊಡೆಯತೊಡಗಿದ. ಬುಟ್ಟಿಯವರು ನೀರಿನ ಡಬ್ಬ ಬಡಿದರು. ಕೌದಿಯ ಹೆಂಗಸರು ಎರಡೂ ಕಿವಿಗೆ ಬೆರಳಿಟ್ಟುಕೊಂಡು, ಒಬ್ಬೊಬ್ಬರು ಒಂದೊಂದು ಕೀರ್ತನೆಯನ್ನು ಗಂಟಲು ಹರಿಯುವ ಹಾಗೆ ಹಾಡಿದರು. ಹೊರಊರಿನವರು ಇದೂ ಮೇಳದ ಒಂದು ಭಾಗವೆಂದು ತಿಳಿದು ಫೋನು ಎತ್ತಿಕೊಂಡರು. ಆ ಗದ್ದಲದಲ್ಲಿ ಆರ್ವೆಲ್ಲಾ ಒಂದಕ್ಷರ ಬಿಡದೆ ಮೂರು ಸಾಲನ್ನೂ ಹೇಳಿ ಮುಗಿಸಿದಳು.

ಆಮೇಲೆ ಕಾಲರಿನಿಂದ ಮೈಕನ್ನು ಕಿತ್ತು, ಪೆಟ್ಟಿಗೆಯ ಸಮೇತ ಸೇಬಿನ ತೊಟ್ಟಿಗೆ ಹಾಕಿದಳು. ಹೊರಊರಿನವರು ಚಪ್ಪಾಳೆ ತಟ್ಟಿದರು.

ಅವಳು ಮೇಜಿನ ಹತ್ತಿರ ಹೋಗುವಾಗ ಜನ ದಾರಿ ಬಿಟ್ಟರು. ಕೆಂಡ್ರಿಕ್ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ಅವಳ ಸಿಟ್ಟು ಇನ್ನೂ ಏರಿತು.

"ಆರಿಸಿದೀನಿ ಅಂದೆ."

"ಗರಗಸದ ಸದ್ದು ಬಿದ್ದಿದೆ," ಅವನು ಅವಳ ಮಾತು ಕೇಳಿಸದವನಂತೆ ಹೇಳಿದ. "ಪರವಾಗಿಲ್ಲ. ಮೈಕು ನಿಮ್ಮ ಗಂಟಲ ಹತ್ರಾನೇ ಇತ್ತು. ಸೋಸಿದ್ರೆ ನಿಮ್ಮ ಧ್ವನಿ ಒಂದೇ ಉಳಿಯುತ್ತೆ. ಒಂದೊಂದು ಅಕ್ಷರಾನೂ."

"ಅಳಿಸು."

"ಆಗಲ್ಲ. ಬೈಯ್ರಿ, ಹೊಡೀರಿ ಬೇಕಾದ್ರೆ. ನೀವು ಹೋದ್ಮೇಲೆ ಇದು—"

"ನಾನೆಲ್ಲಿಗೆ ಹೋಗ್ತಿದೀನೋ?"

ಅವನು ಯಂತ್ರದ ಮೇಲೆ ಕೈ ಇಟ್ಟುಕೊಂಡು ನಿಂತ, ಕಟ್ಟಿಹಾಕಿದ ಹಸುವಿನ ಮೇಲೆ ಕೈ ಇಡುವ ಹಾಗೆ.

ಆ ಕೈಗೆ ಹೊಡೆಯಬೇಕೆನಿಸಿತು. ಅದಕ್ಕಿಂತ ಮುಂಚೆ ಬೇರೊಂದು ಯೋಚನೆ ಅವಳನ್ನು ತಡೆಯಿತು. ಮೈದಾನದವರಿಗೆ ಗದ್ದಲ ಕೇಳಿತ್ತು. ಇವನೊಬ್ಬನಿಗೆ ಮೂರು ಸಾಲೂ ಕೇಳಿದ್ದವು. ಇವನು ಗಂಡಸು, ರಕ್ತಸಂಬಂಧ ಇಲ್ಲದವನು. ಕೇಳಿದರೆ ಸಾಕು ಎನ್ನುವುದಾದರೆ ಮೂರನೆಯ ಕಿವಿ ಇವನದಾಯಿತು, ಎಸ್ಟಿಲ್‌ಗೆ ಕೊಡಲು ಏನೂ ಉಳಿಯಲಿಲ್ಲ. ಕೊಟ್ಟರೆ ಮಾತ್ರ ಹೋಗುತ್ತದೆ ಎನ್ನುವುದಾದರೆ ಇನ್ನೂ ಇದೆ. ಕದ್ದರೆ ಏನಾಗುತ್ತದೆಂದು ಲವೆಲ್ ಹೇಳಿರಲಿಲ್ಲ. ಅವನ ಕಾಲದಲ್ಲಿ ಇದನ್ನು ಕದಿಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ತಿಳಿಯುವ ದಾರಿ ಒಂದೇ ಇತ್ತು, ಎಸ್ಟಿಲ್‌ಗೆ ಈಗಲೇ ಕೊಟ್ಟು ನೋಡುವುದು. ಕಾದಷ್ಟೂ ಈ ಯಂತ್ರ ಇನ್ನಷ್ಟು ಕಿವಿಗಳಿಗೆ ಹೋಗುತ್ತದೆ.

ಎಸ್ಟಿಲ್ ರೆನೆಟಾಳ ಕೈಗೆ ಸಡಿಲವಾಗಿ ಪಟ್ಟಿ ಸುತ್ತಿ, ಆಂಬುಲೆನ್ಸಿನ ಹಿಂದೆ ಕೈ ತೊಳೆಯುತ್ತಿದ್ದ. ರೆನೆಟಾಳ ನಡುಕ ನಿಂತಿತ್ತು. ಅದು ನೀರಿನಿಂದಲೋ, ಪಟ್ಟಿಯಿಂದಲೋ, ಮಾತಿನಿಂದಲೋ ಎಂದು ಬೇರ್ಪಡಿಸಿ ನೋಡುವ ಗೋಜಿಗೆ ಆರ್ವೆಲ್ಲಾ ಯಾವತ್ತೂ ಹೋದವಳಲ್ಲ.

"ಕಿವಿ ಕೊಡು," ಎಂದಳು.

ಎಸ್ಟಿಲ್‌ಗೆ ತಕ್ಷಣ ಅರ್ಥವಾಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ. "ಈವತ್ತು ಬೇಡ ಆರ್ವೆಲ್ಲಾ ಅವ್ರೇ. ನೀವು ಸಿಟ್ಟಲ್ಲಿದೀರಿ."

"ಹೌದು, ಸಿಟ್ಟಲ್ಲಿದೀನಿ. ಸಿಟ್ಟು ಇಳಿಯೋದನ್ನ ಕಾಯ್ತಾ ಕೂತ್ರೆ ನಿನಗೆ ಎಂಜಲು ಸಿಗುತ್ತೆ. ಬಗ್ಗು."

ಅವನು ಬಗ್ಗಿದ. ಡೀಸೆಲ್ ವಾಸನೆಯ ನಡುವೆ, ಹಲ್ಲು ಕಚ್ಚಿಕೊಂಡು, ಅವಳು ಮೂರು ಸಾಲನ್ನು ಅವನ ಕಿವಿಗೆ ಹೇಳಿದಳು. ಜಗಲಿಯಿಲ್ಲ, ಸಂಜೆಯಿಲ್ಲ, ಹುರುಳಿಕಾಯಿ ಇಲ್ಲ. ಹೇಳಿ ಮುಗಿದಾಗ ಒಳಗೆ ಏನಾದರೂ ಬರಿದಾದಂತೆ ಅನಿಸಬಹುದೆಂದು ಕಾದಳು. ಏನೂ ಅನಿಸಲಿಲ್ಲ. ಸಿಟ್ಟು ಮಾತ್ರ ಇದ್ದ ಜಾಗದಲ್ಲೇ ಇತ್ತು. ಅದನ್ನೂ ಆ ಕೆಂಡ್ರಿಕ್ ಹಾಳು ಮಾಡಿದ. ಕಳೆದುಕೊಂಡದ್ದು ಗೊತ್ತಾಗುವ ಆ ಒಂದು ಗಳಿಗೆಯನ್ನೂ.

ಅವಳು ಮೇಜಿಗೆ ವಾಪಸು ಬಂದಳು. ಕೆಂಡ್ರಿಕ್ ಯಂತ್ರವನ್ನು ಚೀಲಕ್ಕೆ ಹಾಕುತ್ತಿದ್ದ.

"ಎಸ್ಟಿಲ್‌ಗೆ ಕೊಟ್ಟಾಯ್ತು," ಎಂದಳು. "ನನ್ನ ಬಾಯಲ್ಲಿ ಇನ್ನೇನೂ ಇಲ್ಲ. ನಿನ್ನ ಯಂತ್ರದಲ್ಲಿ ಇರೋದು ಒಬ್ಬ ಮುದುಕಿ ಗೊಣಗಿದ್ದು. ಮನೆಗೆ ತಗೊಂಡ್ಹೋಗಿ ಸೋಸ್ಕೋ."

ಅವನ ಮುಖ ಬಿಳಿಚಿತು. "ಈಗಲೇ ಕೊಟ್ಬಿಟ್ರಾ? ಇನ್ನೂ ಎಷ್ಟು ವರ್ಷ ನೀವು... ನಾನು ಉಳಿಸೋಕೆ ಅಂತ ಮಾಡಿದ್ದು."

"ಉಳಿಸೋಕೆ ನಿನ್ನನ್ನ ಕೇಳ್ದೋರು ಯಾರು?"

ಅಷ್ಟರಲ್ಲಿ ಹೋಬರ್ಟ್ ಲೂನಿ ಬಲ ಅಂಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಂದ. ಗರಗಸವನ್ನು ಎತ್ತಿ ಹಿಡಿಯುವ ಅವಸರದಲ್ಲಿ ಅದರ ಹೊಗೆ ಹೊರಬಿಡುವ ಕಾದ ಕೊಳವೆಯನ್ನೇ ಹಿಡಿದಿದ್ದ; ಅದು ತಿಳಿದ ಮೇಲೂ ಅವಳು ಮುಗಿಸುವ ತನಕ ಕೈ ಬಿಟ್ಟಿರಲಿಲ್ಲ. ಅಂಗೈಯಲ್ಲಿ ಬಿಳೀ ಪಟ್ಟೆ ಎದ್ದಿತ್ತು.

"ನೋಡು ಮಾರಾಯ್ತಿ, ನಿನ್ನಿಂದ ನನ್ನ ಗತಿ," ಎಂದ. ನಗಲು ನೋಡಿದ, ಆಗಲಿಲ್ಲ. ಕೈಯನ್ನು ಅವಳ ಮುಂದೆ ಚಾಚಿದ.

ಅವಳ ಕೈ ತಾನಾಗಿಯೇ ಮುಂದೆ ಬಂತು. ಅದನ್ನು ಹಿಂದಕ್ಕೆ ಎಳೆದುಕೊಳ್ಳಲು ಬಲ ಬೇಕಾಯಿತು.

"ಮೊದಲು ನೀರು," ಎಂದಳು. "ಆಮೇಲೆ ಎಸ್ಟಿಲ್ ಹತ್ರ. ಇನ್ಮೇಲೆ ಅವನ ಹತ್ರಾನೇ."

ಹೋಬರ್ಟ್ ಅವಳನ್ನೂ ಕೆಂಡ್ರಿಕ್‌ನನ್ನೂ ನೋಡಿದ. ತೊಟ್ಟಿಯ ಕಡೆ ನಡೆದ. ಕೌದಿಯ ಹೆಂಗಸರಲ್ಲಿ ಒಬ್ಬಳು ಸೂಜಿ ಕೆಳಗಿಟ್ಟಳು. ನೀರಿನಲ್ಲಿ ಕೈ ಇದ್ದಷ್ಟು ಹೊತ್ತೂ ಹೋಬರ್ಟ್ ಮೂಗಿನಲ್ಲಿ ಉಸಿರೆಳೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಎಸ್ಟಿಲ್ ಅವನ ಅಂಗೈಯನ್ನು ತನ್ನ ಅಂಗೈ ಮೇಲೆ ತೆಗೆದುಕೊಂಡು, ಎಂದೂ ಮಾಡದ ಕೆಲಸಕ್ಕೆ ಕೈ ಹಾಕಿದವನ ಗಾಬರಿಯಲ್ಲಿ ಒಮ್ಮೆ ಆರ್ವೆಲ್ಲಾಳ ಕಡೆ ನೋಡಿ, ಬಾಗಿದ. ಊದಿದ. ತುಟಿ ಅಲುಗತೊಡಗಿತು.

ಅವಳು ಅದನ್ನು ನೋಡಬಾರದೆಂದು ಮುಖ ತಿರುಗಿಸಿದಳು. ತಿರುಗಿಸಿದ ಕಡೆ ಕೆಂಡ್ರಿಕ್ ನಿಂತಿದ್ದ. ಅವನ ಕಣ್ಣು ಎಸ್ಟಿಲ್‌ನ ಬಾಯಿಯ ಮೇಲಿತ್ತು. ಅವನ ತುಟಿಗಳೂ ಅಲುಗುತ್ತಿದ್ದವು, ಸದ್ದಿಲ್ಲದೆ, ಒಂದೊಂದೇ ಮಾತಾಗಿ, ಸರಿಯಾಗಿ ಅದೇ ವೇಗದಲ್ಲಿ.

ಆರ್ವೆಲ್ಲಾ ಎರಡು ಹೆಜ್ಜೆ ಇಟ್ಟು ಅವರಿಬ್ಬರ ನಡುವೆ ನಿಂತಳು. ಎಸ್ಟಿಲ್‌ಗೆ ಬೆನ್ನು ಹಾಕಿ, ಸೊಂಟದ ಮೇಲೆ ಕೈ ಇಟ್ಟು, ತನ್ನ ಅಗಲವನ್ನೆಲ್ಲ ಅಡ್ಡ ಹಿಡಿದು. ಕೆಂಡ್ರಿಕ್ ಬಲಕ್ಕೆ ಬಾಗಿದರೆ ಅವಳೂ ಬಲಕ್ಕೆ ಸರಿದಳು. ಅವನ ಬಾಯಿಯನ್ನೇ ದಿಟ್ಟಿಸಿದಳು. ಎರಡನೆಯ ಸಾಲಿನ ನಡುವೆ ಎಲ್ಲೋ ಆ ಬಾಯಿ ಮುಂದಿನ ಮಾತು ಸಿಗದೆ ತಡವರಿಸಿತು, ಮತ್ತೆ ತೆರೆಯಲು ನೋಡಿತು, ಕೊನೆಗೆ ಮುಚ್ಚಿಕೊಂಡಿತು. ಅವಳು ಕದಲಲಿಲ್ಲ. ಬೆನ್ನ ಹಿಂದೆ ಎಸ್ಟಿಲ್ ಮೂರನೆಯ ಸಾಲಿಗೆ ಬಂದಿದ್ದ.